ಸೋಮವಾರದ ಹಬೆ

ಮೊಬೀಲ್ ಊರಿನ ಬಿಳಿಯರು ಮಲಗಿ ಎದ್ದ ಹಾಸುಬಟ್ಟೆಗಳೆಲ್ಲ ಡೇವಿಸ್ ಅವೆನ್ಯೂನಲ್ಲಿದ್ದ ನಮ್ಮ ಲಾಂಡ್ರಿಗೆ ಬರುತ್ತಿದ್ದವು. ಹೋಟೆಲಿನವು, ಕ್ಲಬ್ಬಿನವು, ಓಕ್ ಮರಗಳ ಸಾಲಿನಲ್ಲಿದ್ದ ದೊಡ್ಡ ಮನೆಗಳವು. ಅವರ ಬೆವರು, ಅವರ ವೈನಿನ ಕಲೆ, ಅವರ ಹೆಂಗಸರ ತುಟಿಯ ಬಣ್ಣ ಎಲ್ಲವೂ ನಮಗೆ ಗೊತ್ತಿತ್ತು. ನಮ್ಮ ಕರಿಯರ ಮಕ್ಕಳು ಅವರ ನಲ್ಲಿಯಲ್ಲಿ ನೀರು ಕುಡಿಯುವಂತಿರಲಿಲ್ಲ, ಆದರೆ ಅವರ ಮೈಗೆ ತಾಗುವ ಬಟ್ಟೆಯನ್ನು ನಾವು ಮುಟ್ಟಬಹುದಿತ್ತು. ಇದರಲ್ಲಿ ಊರಿಗೆ ಯಾವ ತಪ್ಪೂ ಕಾಣುತ್ತಿರಲಿಲ್ಲ. ಕಂಡ ನಮ್ಮಂಥವರು ಬಾಯಿ ಮುಚ್ಚಿಕೊಂಡು ಇಸ್ತ್ರಿ ಮಾಡುತ್ತಿದ್ದೆವು.

ಲಾಂಡ್ರಿ ವರ್ಡೆಲ್ ಪೆಟ್‌ವೇ ಅವರದು. ನಾವೆಲ್ಲ ಮಿಸ್ ವರ್ಡೆಲ್ ಎನ್ನುತ್ತಿದ್ದೆವು. ಅವರ ಗಂಡ ಹಡಗುಕಟ್ಟೆಯಲ್ಲಿ ಕಲ್ಲಿದ್ದಲು ಎತ್ತುತ್ತಿದ್ದವನು. ಗುಜರಿಗೆ ಹೊರಟಿದ್ದ ಹಡಗೊಂದರ ಬಾಯ್ಲರನ್ನು ಅಗ್ಗಕ್ಕೆ ತಂದು ಖಾಲಿ ಸೈಟಿನಲ್ಲಿ ನಿಲ್ಲಿಸಿ, ಅದಕ್ಕೊಂದು ಸೂರು ಕಟ್ಟುವ ಮೊದಲೇ ತೀರಿಕೊಂಡ. ಸೂರು, ಗೋಡೆ, ಗಿರಾಕಿಗಳು ಎಲ್ಲವನ್ನೂ ಮಿಸ್ ವರ್ಡೆಲ್ ಆ ಬಾಯ್ಲರಿನ ಸುತ್ತ ಕಟ್ಟಿದರು. ಭಾನುವಾರ ಬಿಳಿ ಕೈಗವಸು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವುದು, ಮಿಕ್ಕ ದಿನ ನಮ್ಮನ್ನು ನಿಲ್ಲಿಸಿ ದುಡಿಸುವುದು ಅವರ ಕೆಲಸ. ನಮಗೆಲ್ಲ ಅವರು ಕಲಿಸಿದ ಮೊದಲ ಪಾಠ ಒಂದೇ. ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಬಂದ ಹಾಸುಬಟ್ಟೆಯನ್ನು ಬಿಸಿ ಆರುವ ಮೊದಲೇ ಮಡಿಸಬೇಕು, ಒಂದರ ಮೇಲೊಂದು ಪೇರಿಸಬೇಕು, ಮೇಲೆ ಕಬ್ಬಿಣದ ತೂಕ ಇಡಬೇಕು. ತಣಿಯುವಷ್ಟರಲ್ಲಿ ಹಲಗೆಯ ಹಾಗೆ ನೆಟ್ಟಗಾಗಿರುತ್ತದೆ. ನಾನು, ಡೆಲ್ಫೀನ್, ಆ ಉರುಳೆಯ ಮುಂದೆ ನಿಂತು ಮುದುಕಿಯಾದವಳು. ನನ್ನ ಕೈಗೆ ಇವತ್ತಿಗೂ ಅದೇ ಅಭ್ಯಾಸ.

ಓಜೆಲ್ಲ ಮಿಸ್ ವರ್ಡೆಲರ ಅಣ್ಣನ ಮಗಳು. ಹಾಡುವವಳು. ರಾಕ್ ಅಂಡ್ ರೋಲ್ ಎಂದು ರೇಡಿಯೋದವರು ಹೆಸರಿಡುವ ಮೊದಲೇ ಅದನ್ನು ಅವಳು ಹಾಡುತ್ತಿದ್ದಳು. ನಾವು ಅದಕ್ಕೆ ಶನಿವಾರ ರಾತ್ರಿ ಎನ್ನುತ್ತಿದ್ದೆವು, ಅಷ್ಟೇ. ಚರ್ಚಿನ ಮೇಳದಿಂದ ಹೊರಟು ಬಸ್ಸಿನಲ್ಲಿ ಊರೂರು ಸುತ್ತಿದಳು. ಅವಳು ಹಾಡುತ್ತಿದ್ದ ಸಭಾಂಗಣಗಳಲ್ಲಿ ನಟ್ಟ ನಡುವೆ ಹಗ್ಗ ಕಟ್ಟಿರುತ್ತಿದ್ದರು. ಈಚೆ ನಮ್ಮವರು, ಆಚೆ ಅವರು. ಎರಡೂ ಕಡೆಯ ಕಾಲು ಕುಣಿಸುತ್ತಿದ್ದದ್ದು ಒಂದೇ ಗಂಟಲು. ಅವಳ ಒಂದು ರೆಕಾರ್ಡು ದಕ್ಷಿಣದಲ್ಲೆಲ್ಲ ಬೆಂಕಿಯ ಹಾಗೆ ಹಬ್ಬಿತು. ಕಂಪನಿ ಅವಳಿಗೆ ದುಡ್ಡಿನ ಬದಲು ಒಂದು ಕಾರು ಕೊಟ್ಟಿತು. ಆಗ ಎಲ್ಲರಿಗೂ ಹಾಗೆಯೇ ಕೊಡುತ್ತಿದ್ದರು. ಆರು ವಾರ ಕಳೆಯುವುದರೊಳಗೆ ಉತ್ತರದ ಇನ್ನೊಂದು ಕಂಪನಿ ಅದೇ ಹಾಡನ್ನು ಸ್ವೆಟರ್ ತೊಟ್ಟ ಬಿಳಿ ಹುಡುಗನೊಬ್ಬನಿಂದ ಹಾಡಿಸಿತು. ಅವಳು ಕೂಗಿದ ಕಡೆ ಅವನು ನಕ್ಕಿದ್ದ, ಅವಳು ತಡೆದ ಕಡೆ ಅವನು ಚಪ್ಪಾಳೆ ಹಾಕಿಸಿದ್ದ. ಅಂಗಡಿಗಳಲ್ಲಿ ಜನ ಓಜೆಲ್ಲಳದ್ದೇ ಕೇಳುತ್ತಿದ್ದರು. ಆದರೆ ಅವಳ ಕಂಪನಿ ಅವಳ ರೆಕಾರ್ಡನ್ನು ಅಚ್ಚಿನಲ್ಲಿ ಒತ್ತಿ ತೆಗೆಯುವುದನ್ನೇ ನಿಲ್ಲಿಸಿತು. ಯಾಕೆ ನಿಲ್ಲಿಸಿತು, ಎರಡು ಕಂಪನಿಗಳ ನಡುವೆ ಏನು ನಡೆಯಿತು, ಯಾರೂ ಹೇಳಲಿಲ್ಲ. ಇಲ್ಲದ್ದನ್ನು ಜನ ಎಷ್ಟು ದಿನ ಕೇಳಿಯಾರು? ಇದ್ದದ್ದನ್ನು ಕೊಂಡರು.

ಐವತ್ತೇಳರ ಶರತ್ಕಾಲದಲ್ಲಿ ಅವಳು ಊರಿಗೆ ಬಂದಳು. ಅಳುತ್ತ ಬರುತ್ತಾಳೆ ಎಂದು ಮಿಸ್ ವರ್ಡೆಲ್ ಬೆಂಡೆಕಾಯಿ ಹಾಕಿ ಸೀಗಡಿಯ ಗಂಬೋ ಸಾರು ಮಾಡಿಟ್ಟಿದ್ದರು. ಅವಳು ಎರಡು ತಟ್ಟೆ ಉಂಡು, ಕೈ ತೊಳೆದು, ಸೀದಾ ಹೋಗಿ ಬಾಯ್ಲರಿನ ಮುಂದೆ ನಿಂತಳು.

"ಹಾಡು ನನ್ನ ಗಂಟಲಲ್ಲಿದೆ ಅಂದ್ಕೊಂಡಿದ್ದೆ ಅತ್ತೆ. ಅಲ್ಲ. ಅದು ಇರೋದು ಒತ್ತೋ ಯಂತ್ರದಲ್ಲಿ. ಹಿಡಿ ಯಾರ ಕೈಲಿರುತ್ತೋ ಹಾಡು ಅವರದು."

"ಅದಕ್ಕೆ ನನ್ನ ಬಾಯ್ಲರ್ ಏನು ಮಾಡ್ತು?"

"ಯಂತ್ರಕ್ಕೆ ಹಬೆ ಬೇಕು."

ಅವಳು ಕಾರು ಮಾರಿದಳು, ಜರಿಯ ಗೌನುಗಳನ್ನು ಮಾರಿದಳು. ಟೆನೆಸ್ಸಿಯಲ್ಲಿ ಬಾಗಿಲು ಹಾಕಿದ್ದ ಕಾರ್ಖಾನೆಯೊಂದರಿಂದ ರೆಕಾರ್ಡು ಒತ್ತುವ ಹಳೆಯ ಯಂತ್ರ ಒಂದನ್ನು ಕೊಂಡಳು. ಅದು ಸೀಗಡಿ ಸಾಗಿಸುವ ಲಾರಿಯಲ್ಲಿ ಬಂತು. ಎಷ್ಟು ತೊಳೆದರೂ ಒಂದು ತಿಂಗಳು ಮೀನಿನ ವಾಸನೆ ಹೋಗಲಿಲ್ಲ. ನಮ್ಮಲ್ಲಿ ಹಿರಿಯಳಾದ ಪರ್ಲೀನ್ ಅದರ ಸುತ್ತ ಒಂದು ಸುತ್ತು ಬಂದು, ಇದು ಹಾಡುತ್ತೋ ಇಲ್ಲ ಮೊಟ್ಟೆ ಇಡುತ್ತೋ ಎಂದು ಕೇಳಿದಳು. ಲಾಂಡ್ರಿಯ ಕೆಲಸ ಮುಗಿದ ಮೇಲೆ ಉಳಿದ ಹಬೆ ಮಾತ್ರ ಓಜೆಲ್ಲಳದು ಎಂದು ಮಿಸ್ ವರ್ಡೆಲ್ ಕರಾರು ಹಾಕಿದರು. ಭಾನುವಾರ ದೇವರ ದಿನ, ಬಾಯ್ಲರಿನ ಒಲೆ ಹೊತ್ತಿಸುವಂತಿಲ್ಲ ಎನ್ನುವುದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಯಂತ್ರದ ಕೆಲಸ ನಮಗೆ ತೀರಾ ಹೊಸದೇನೂ ಆಗಿರಲಿಲ್ಲ. ಕರಿ ಪ್ಲಾಸ್ಟಿಕ್ಕನ್ನು ಬಿಸಿ ಮೇಜಿನ ಮೇಲೆ ಮೆತ್ತಗೆ ಮಾಡಿ ಉಂಡೆ ಕಟ್ಟುವುದು, ಮೇಲೊಂದು ಕೆಳಗೊಂದು ಹೆಸರಿನ ಚೀಟಿ ಇಡುವುದು, ಹಾಡಿನ ಗೆರೆ ಕೊರೆದ ಎರಡು ಅಚ್ಚುಗಳ ನಡುವೆ ಇಟ್ಟು ಹಿಡಿ ಎಳೆಯುವುದು. ಮೊದಲು ಹಬೆ, ಆಮೇಲೆ ತಣ್ಣೀರು. ಬಾಯಿ ತೆರೆದರೆ ರೆಕಾರ್ಡು. ಅಂಚು ಕತ್ತರಿಸಿದರೆ ಮುಗಿಯಿತು. ಚಳಿಗಾಲವೆಲ್ಲ ಓಜೆಲ್ಲ ಆಗೊಂದು ಈಗೊಂದು ಒತ್ತಿ ಕಲಿತಳು. ಒತ್ತಿದ್ದನ್ನು ಮೇಜಿನ ಮೇಲೆ ಬಿಟ್ಟು ಯಂತ್ರದ ತಪ್ಪು ಹುಡುಕುತ್ತಿದ್ದಳು. ತಣಿದ ಮೇಲೆ ಹಾಕಿ ಕೇಳುತ್ತಿದ್ದಳು.

ಜೊತೆಗೆ ಹೊಸ ಹಾಡೂ ಹುಟ್ಟಿತು. ಅವಳು ಅದನ್ನು ಹಾಡಿ ಅಚ್ಚು ಮಾಡಿಸಿಕೊಂಡು ಬಂದಳು. ಅದರ ಹೆಸರು 'ಮುಂಬಾಗಿಲು'. ಹಿಂಬಾಗಿಲಿಂದ ಬಂದು ನಿನ್ನ ಅನ್ನ ಬೇಯಿಸಿದೆ, ಹಿಂಬಾಗಿಲಿಂದ ಬಂದು ನಿನ್ನ ಮಗುವನ್ನು ಮಲಗಿಸಿದೆ, ಇವತ್ತು ಮುಂಬಾಗಿಲಿಂದ ಬರುತ್ತಿದ್ದೇನೆ, ದೀಪ ಹಚ್ಚಿಡು, ಎನ್ನುವುದು ಅದರ ಪಲ್ಲವಿ. ನಮ್ಮ ಜನರ ರೇಡಿಯೋದಲ್ಲಿ ಮಾತಾಡುತ್ತಿದ್ದ ರೂಫಸ್ ಟಾಲಿವರ್ ಪರೀಕ್ಷೆಗೆ ಒತ್ತಿದ ಒಂದು ತಟ್ಟೆಯನ್ನು ತೆಗೆದುಕೊಂಡು ಹೋಗಿ ಒಂದು ಸಂಜೆ ಹಾಕಿಬಿಟ್ಟ. ಮರುದಿನ ಕ್ಷೌರದಂಗಡಿಯಲ್ಲಿ, ಬಸ್ಸಿನ ಹಿಂದಿನ ಸೀಟುಗಳಲ್ಲಿ, ಮೀನು ಕರಿಯುವ ಕಡೆ ಎಲ್ಲ ಅದೇ ಹಾಡು.

ಹಾಡು ಕೇಳಿಸಿಕೊಂಡದ್ದು ನಮ್ಮವರು ಮಾತ್ರ ಅಲ್ಲ. ಮುಖವಾಡ ಮೆರವಣಿಗೆಗಳ ಮಾರ್ಡಿ ಗ್ರಾ ಹಬ್ಬಕ್ಕೆ ಒಂದು ವಾರ ಇರುವಾಗ ಉತ್ತರದ ಆ ಕಂಪನಿಯ ಮಿಸ್ಟರ್ ಬ್ರಾಡಕ್ ಬಂದ. ಟೋಪಿ ತೆಗೆಯಲಿಲ್ಲ. ಮಿಸ್ ವರ್ಡೆಲರನ್ನು ಆಂಟಿ ಎಂದ. ಅರವತ್ತು ದಾಟಿದ ನಮ್ಮ ಹೆಂಗಸರನ್ನು ಅವರ ಮೀಸೆ ಮೂಡದವರೂ ಮಿಸ್ ಎನ್ನದೆ ಹಾಗೆಯೇ ಕರೆಯುತ್ತಿದ್ದರು.

ಅವನು ಬಂದದ್ದು ಹಾಡನ್ನು ಪೂರ್ತಿ ಕೊಂಡುಕೊಳ್ಳಲು. ನಮ್ಮ ಹುಡುಗ ಆಗಲೇ ಹಾಡಿ ಮುಗಿಸಿದ್ದಾನೆ, ಹಬ್ಬ ಮುಗಿದ ಮರುದಿನ ರೆಕಾರ್ಡು ಎಲ್ಲ ಅಂಗಡಿಗೂ ಬರುತ್ತದೆ, ನೀನು ಸಹಿ ಹಾಕಿದರೂ ಬರುತ್ತದೆ, ಹಾಕದಿದ್ದರೂ ಬರುತ್ತದೆ ಎಂದ. ಸಹಿ ಹಾಕಿದರೆ ನಿನಗೆ ಏನೋ ಒಂದಿಷ್ಟಾದರೂ ಸಿಗುತ್ತದೆ ಎಂದು ಮಗುವಿಗೆ ತಿಳಿಹೇಳುವ ಹಾಗೆ ಹೇಳಿದ.

ಓಜೆಲ್ಲ ಕೇಳಿದ್ದು ಒಂದೇ ಮಾತು. "ನಿಮ್ಮ ಹುಡುಗನಿಗೆ ಮುಂಬಾಗಿಲು ಯಾವತ್ತು ಮುಚ್ಚಿತ್ತು ಸಾರ್?"

ಅವನಿಗೆ ಅರ್ಥವಾಗಲಿಲ್ಲ. ಅದು ಹುಡುಗಿಯ ಮನೆ ಬಾಗಿಲಲ್ಲವೇ ಎಂದ. ಅವನು ಕಾರು ಹತ್ತಿದ ಮೇಲೆ ಮಿಸ್ ವರ್ಡೆಲ್, ಆಂಟಿ ಅಂದನಲ್ಲ, ನಮ್ಮಣ್ಣಂಗೆ ಇಷ್ಟು ಬೆಳ್ಳಗಿರೋ ಮಗ ಹುಟ್ಟಿದ್ದು ನಂಗೆ ಗೊತ್ತೇ ಇರಲಿಲ್ಲ ಎಂದರು. ನಾವು ನಕ್ಕೆವು. ಓಜೆಲ್ಲ ನಗಲಿಲ್ಲ. ಅವಳು ಆಗಲೇ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು.

ಅವಳ ಲೆಕ್ಕ ಸರಳವಾಗಿತ್ತು. ಹಬ್ಬದ ಮಂಗಳವಾರ ನಮ್ಮ ಜನರ ಮೆರವಣಿಗೆ ಹೊರಡುವುದು ಈ ಅವೆನ್ಯೂನಲ್ಲೇ. ಬಿಲಾಕ್ಸಿಯಿಂದ, ಪೆನ್ಸಕೋಲದಿಂದ, ಮೇಲಿನ ಹತ್ತಿ ಸೀಮೆಯಿಂದ ಜನ ಬರುತ್ತಾರೆ. ಅಂಗಡಿ ಇಟ್ಟವರು ಬರುತ್ತಾರೆ, ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳನ್ನು ಊಟದಂಗಡಿಗಳಲ್ಲಿ ಇಡುವವರು ಬರುತ್ತಾರೆ. ಆ ದಿನ ಈ ಬೀದಿಯಲ್ಲಿ ಏನು ಕೇಳುತ್ತಾರೋ ಅದನ್ನೇ ಅವರು ಕೊಂಡೊಯ್ಯುವುದು. ಮಂಗಳವಾರ ಬೆಳಿಗ್ಗೆ ಅವೆನ್ಯೂನ ಎಲ್ಲ ಪೆಟ್ಟಿಗೆಗಳಲ್ಲೂ ಓಜೆಲ್ಲಳ ರೆಕಾರ್ಡು ಇರಬೇಕು. ಬುಧವಾರ ಬರುವ ಸ್ವೆಟರಿನ ಹುಡುಗ ಎರಡನೆಯವನಾಗಿ ಬರಲಿ. ಹಾಗಾಗದಿದ್ದರೆ ಹಾಡೂ ಹೋಯಿತು, ಯಂತ್ರವೂ ಗುಜರಿ.

ಗುರುವಾರ, ಶುಕ್ರವಾರ ಬಟ್ಟೆಯ ಕೆಲಸ ಮುಗಿದ ಮೇಲೆ ಒತ್ತಿದೆವು. ಶನಿವಾರ ಮಧ್ಯಾಹ್ನದಿಂದ ಬಾಯ್ಲರ್ ಪೂರ್ತಿ ನಮ್ಮದೇ. ಓಜೆಲ್ಲ ಹಿಡಿಯ ಹತ್ತಿರ, ನಾನು ಉಂಡೆ ಕಟ್ಟಲು, ಪರ್ಲೀನ್ ಅಂಚು ಕತ್ತರಿಸಲು. ಮಿಸ್ ವರ್ಡೆಲ್ ಒತ್ತಿ ಬಂದದ್ದನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಅಷ್ಟು ಚೆಂದದ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಬೆಚ್ಚಗಿರುವಾಗಲೇ ಒಂದರ ಮೇಲೊಂದು ಪೇರಿಸಿದರು. ಅಂಚಿಗೆ ಅಂಚು ಸೇರಿಸಿ, ಮೇಲೆ ಕಬ್ಬಿಣದ ತೂಕ ಇಟ್ಟರು. ಹಾಸುಬಟ್ಟೆಗೆ ಮಾಡುವ ಮರ್ಯಾದೆಯನ್ನೆಲ್ಲ ಅದಕ್ಕೆ ಮಾಡಿದರು. ಗೋಡೆಯ ಉದ್ದಕ್ಕೂ ಕರಿ ಕಂಬಗಳು ಎದ್ದವು. ಒಂದನ್ನೂ ಹಾಕಿ ಕೇಳಲು ಪುರಸೊತ್ತಿರಲಿಲ್ಲ, ನೋಡಿಯೇ ನಮ್ಮ ಎದೆ ಉಬ್ಬಿತು.

ಶನಿವಾರ ಸಂಜೆ ರೂಫಸ್ ಬಂದ. ಒಂದನ್ನು ಎತ್ತಿಕೊಂಡು ದೀಪದ ಎದುರು ಅಡ್ಡ ಹಿಡಿದು ನೋಡಿದ. ತಟ್ಟೆಯನ್ನು ಗ್ರಾಮಫೋನಿನ ಮೇಲೆ ತಿರುಗಲು ಬಿಟ್ಟ. ಮುಳ್ಳು ಅಲೆಯ ಮೇಲಿನ ದೋಣಿಯ ಹಾಗೆ ಏಳುತ್ತ ಬೀಳುತ್ತ ಹೋಗಿ ಪಲ್ಲವಿಗೆ ಬರುವ ಮೊದಲೇ ಜಿಗಿದು ಹೊರಗೆ ಬಿತ್ತು.

"ಸೂಪು ಕುಡಿಯೋಕಾಗುತ್ತೆ ಇದರಲ್ಲಿ," ಎಂದ ರೂಫಸ್. "ಹಾಡೋಕಾಗಲ್ಲ."

ಇನ್ನೊಂದು ತೆಗೆದ. ಮತ್ತೊಂದು ತೆಗೆದ. ಎಲ್ಲ ಬಟ್ಟಲು. ಒಳಗಿನ ಬಿಸಿ ಹೊರಹೋಗಲು ದಾರಿಯಿಲ್ಲದೆ, ಮೇಲಿನ ಭಾರಕ್ಕೆ ಒಂದಕ್ಕೊಂದು ಬಗ್ಗಿ, ಬಗ್ಗಿದಂತೆಯೇ ಗಟ್ಟಿಯಾಗಿದ್ದವು. ಜಗತ್ತಿನ ಬೇರೆ ಯಾವ ಕಾರ್ಖಾನೆಯವರೂ ಮಾಡದ ತಪ್ಪು ಅದು. ಇಸ್ತ್ರಿ ಮಾಡುವವರು ಮಾತ್ರ ಮಾಡುವಂಥದ್ದು.

ಮಿಸ್ ವರ್ಡೆಲ್ ಕುರ್ಚಿಯಲ್ಲಿ ಕೂತರು. ಲಾಂಡ್ರಿಯೊಳಗೆ ಅವರು ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಓಜೆಲ್ಲ ಅವರ ಕಡೆ ನೋಡಲಿಲ್ಲ. ನೋಡಿದರೆ ಏನಾದರೂ ಅಂದುಬಿಡುತ್ತೇನೆಂಬ ಭಯ ಇದ್ದಿರಬೇಕು. ಕರಿ ಪ್ಲಾಸ್ಟಿಕ್ಕು ತುಂಬಿ ಬಂದಿದ್ದ ಚೀಲಗಳನ್ನು ಒದ್ದು ನೋಡಿದಳು. ಖಾಲಿ. ಹೆಸರಿನ ಚೀಟಿಗಳು ಮುಗಿದಿದ್ದವು, ಅಚ್ಚಾಪೀಸಿನವನು ಹಬ್ಬಕ್ಕೆ ಬಾಗಿಲು ಹಾಕಿ ಹೋಗಿದ್ದ.

ಕಡೆಗೆ ಮಿಸ್ ವರ್ಡೆಲ್ ಕೇಳಿದರು. "ಇದನ್ನ ಮತ್ತೆ ಕರಗಿಸಬಹುದೇನೇ?"

"ಕರಗಿಸಬಹುದು ಅತ್ತೆ. ನಡುವಿನ ಚೀಟಿ ಕತ್ತರಿಸಿ ತೆಗೀಬೇಕು. ಎಷ್ಟು ತೆಗೆದ್ರೂ ಚೂರುಪಾರು ಕಾಗದ ಉಳ್ಕೊಳುತ್ತೆ. ಚಟಚಟ ಅನ್ನುತ್ತೆ."

"ಅನ್ನಲಿ. ನಮ್ಮನೇಲಿ ಮೀನು ಕರಿಯುವಾಗಲೂ ಅನ್ನುತ್ತೆ, ಯಾರೂ ಊಟ ಬಿಟ್ಟು ಎದ್ದಿಲ್ಲ." ಅವರು ಎದ್ದು ಕಪಾಟು ತೆರೆದರು. ಬಟ್ಟೆಯ ಗಂಟುಗಳಿಗೆ ಕಟ್ಟುವ ಹಳದಿ ರಟ್ಟಿನ ಚೀಟಿಗಳ ಕಟ್ಟು, ಅಳಿಯದ ಮಸಿ, ಲಾಂಡ್ರಿಯ ಮೊಹರು. "ಚೀಟಿ ಇಲ್ಲಿದೆ. ದುಂಡಗೆ ಕತ್ತರಿಸಿ."

ಓಜೆಲ್ಲ ಕೈಗಡಿಯಾರ ನೋಡಿಕೊಂಡಳು. ಅಷ್ಟು ತಟ್ಟೆ ಒಡೆದು ಮತ್ತೆ ಒತ್ತಲು ಒಂದಿಡೀ ದಿನ ಬೇಕು. ನಾಳೆ ಬೆಳಿಗ್ಗೆಯೇ ಒಲೆ ಹೊತ್ತಿಸಿದರೆ ಆಗುತ್ತದೆ ಎಂದಳು. ಹೇಳಿದ ಮೇಲೆ ನಾಳೆ ಯಾವ ವಾರ ಎನ್ನುವುದು ನೆನಪಾಯಿತು. ಸೋಮವಾರವೂ ಸಾಧ್ಯವಿಲ್ಲ. ಸೋಮವಾರ ಬಿಳಿಯರ ಕ್ಲಬ್ಬಿನ ಮೇಜುಬಟ್ಟೆಗಳು ಬರುತ್ತವೆ. ಮಂಗಳವಾರದ ಅವರ ಕುಣಿತದ ಕೂಟಕ್ಕೆ ಹಾಸುವ ಬಟ್ಟೆಗಳು. ಲಾರಿ ತುಂಬ ಬಂದು ಇಡೀ ದಿನದ ಹಬೆ ಕುಡಿಯುತ್ತವೆ. ಹದಿನೇಳು ವರ್ಷದಿಂದ ಅದು ತಪ್ಪಿರಲಿಲ್ಲ.

"ದೇವರ ದಿನ ನಾನು ಕದಿಯಲ್ಲ," ಎಂದರು ಮಿಸ್ ವರ್ಡೆಲ್. "ಕ್ಲಬ್ಬಿನವರ ದಿನ ಕದೀತೀನಿ."

ನಮಗೆಲ್ಲ ಆ ಮಾತಿನ ಬೆಲೆ ಗೊತ್ತಿತ್ತು. ಕ್ಲಬ್ಬು ಹೋದರೆ ಹೋಟೆಲೂ ಹೋಗುತ್ತದೆ. ಅವರೆಲ್ಲ ಒಬ್ಬರಿಗೊಬ್ಬರು ಭಾವ ಮೈದುನ. ಪರ್ಲೀನ್, ಯೋಚನೆ ಮಾಡಿ ಮಿಸ್ ವರ್ಡೆಲ್ ಎಂದಳು. ಮಾಡಿದ್ದೀನಿ, ಹದಿನೇಳು ವರ್ಷ ಅದನ್ನೇ ಮಾಡಿದ್ದು ಎಂದರು.

ಭಾನುವಾರ ಎಲ್ಲರೂ ಚರ್ಚಿಗೆ ಹೋದೆವು. ಮಿಸ್ ವರ್ಡೆಲ್ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತರು. ಓಜೆಲ್ಲ ಮೇಳದಲ್ಲಿ ಸಾಲಿನ ಕೊನೆಗೆ ನಿಂತು ಎಲ್ಲರ ದನಿಯೊಳಗೆ ತನ್ನ ದನಿ ಅಡಗಿಸಿ ಹಾಡಿದಳು. ಒಲೆಯಲ್ಲಿ ಬೆಂಕಿ ಬೀಳಲಿಲ್ಲ.

ಸೋಮವಾರ ಕತ್ತಲು ಹರಿಯುವ ಮೊದಲೇ ಬೆಂಕಿ ಹಾಕಿದೆವು. ಕೊಳವೆಯ ತುಂಡನ್ನು ಹರಿತ ಮಾಡಿ ಸುತ್ತಿಗೆಯಿಂದ ಹೊಡೆದು ತಟ್ಟೆಗಳ ನಡುಭಾಗ ಕಿತ್ತೆವು. ಮಿಕ್ಕದ್ದನ್ನು ಹಾಸುಬಟ್ಟೆಯಲ್ಲಿ ಸುತ್ತಿ ಜಜ್ಜಿದೆವು. ಒಡೆಯುವಾಗ ಪ್ರತಿ ಸಲವೂ ಓಜೆಲ್ಲಳ ಮುಖ ಕಿವುಚಿಕೊಳ್ಳುತ್ತಿತ್ತು. ಅವಳದೇ ದನಿಯಲ್ಲವೇ. ಆದರೆ ಕೈ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಕ್ಲಬ್ಬಿನ ಲಾರಿ ಬಂದು ನಿಂತಿತು. ಮೇಲ್ವಿಚಾರಕ ಟನ್‌ಸ್ಟಲ್ ಕೆಳಗಿಳಿಯದೆ ಕಿಟಕಿಯಿಂದಲೇ ಕೂಗಿದ.

"ವರ್ಡೆಲ್, ಸಂಜೆ ಐದಕ್ಕೆ ಬೇಕು. ಹೋದ ವರ್ಷದ ಹಾಗೆ ಅಂಚು ಸುಕ್ಕು ಬರಬಾರದು."

ಮಿಸ್ ವರ್ಡೆಲ್ ಮುಂಬಾಗಿಲಿಗೆ ಬಂದು ಏಪ್ರನ್ನಿಗೆ ಕೈ ಒರೆಸಿಕೊಂಡರು. "ಇವತ್ತು ಹಬೆ ಇಲ್ಲ ಸಾರ್."

"ಚಿಮಣೀಲಿ ಹೊಗೆ ಬರ್ತಿದೆಯಲ್ಲ?"

"ಅದು ನಮ್ಮದು."

ಅವನಿಗೆ ಮೊದಲು ನಗು ಬಂತು. ಕುಡಿದಿದ್ದೀಯಾ ಎಂದು ಕೇಳಿದ. ಆಮೇಲೆ ಸಿಟ್ಟಾದ. ಇಷ್ಟು ಬಟ್ಟೆಯನ್ನು ಈ ಹೊತ್ತಿನಲ್ಲಿ ಎಲ್ಲಿಗೆ ಒಯ್ಯಲಿ ಎಂದು ಕೂಗಾಡಿದ. ಇನ್ನು ಮೇಲೆ ಈ ಊರಿನ ಒಂದು ಕರವಸ್ತ್ರವೂ ನಿನ್ನ ಬಾಗಿಲಿಗೆ ಬರದ ಹಾಗೆ ಮಾಡುತ್ತೇನೆ ಎಂದ. ಮಿಸ್ ವರ್ಡೆಲ್ ಪೂರ್ತಿ ಕೇಳಿಸಿಕೊಂಡರು. ತಲೆ ತಗ್ಗಿಸಲಿಲ್ಲ. ಅವನು ಮುಗಿಸಿದ ಮೇಲೆ, ಹಬ್ಬ ಚೆನ್ನಾಗಿ ಆಗಲಿ ಸಾರ್ ಎಂದು ಬಾಗಿಲು ಹಾಕಿಕೊಂಡರು. ಒಳಗೆ ಬಂದು ಮೊಹರು ಹಿಡಿದು ಹಳದಿ ಚೀಟಿಗಳ ಮೇಲೆ ಒಂದೊಂದಾಗಿ ಒತ್ತತೊಡಗಿದರು. 'ಪೆಟ್‌ವೇ ಸ್ಟೀಮ್ ಲಾಂಡ್ರಿ, ಡೇವಿಸ್ ಅವೆನ್ಯೂ.' ಕೆಳಗೆ ಓಜೆಲ್ಲಳ ಹೆಸರನ್ನೂ ಹಾಡಿನ ಹೆಸರನ್ನೂ ನಾನು ಕೈಯಲ್ಲಿ ಬರೆದೆ.

ಈ ಸಲ ಒಂದನ್ನೂ ಪೇರಿಸಲಿಲ್ಲ. ಮಡಿಸುವ ಮೇಜುಗಳ ಮೇಲೆ, ಇಸ್ತ್ರಿ ಹಲಗೆಗಳ ಮೇಲೆ, ಕಿಟಕಿಯ ಕಟ್ಟೆಗಳ ಮೇಲೆ ಒಂದೊಂದನ್ನೇ ಹರಡಿದೆವು. ಜಾಗ ಸಾಲದೆ ಚರ್ಚಿನಿಂದ ಮಡಚುವ ಮೇಜುಗಳು ಬಂದವು. ನನ್ನ ಕೈ ಹಳೆಯ ಅಭ್ಯಾಸಕ್ಕೆ ಎರಡನ್ನು ಜೋಡಿಸಹೋದಾಗ ಮಿಸ್ ವರ್ಡೆಲ್ ಬೆರಳ ಗಂಟಿಗೆ ರಪ್ಪನೆ ಒಂದು ಕೊಟ್ಟರು. ಮಧ್ಯಾಹ್ನ ರೂಫಸ್ ಬಂದು ಒಂದನ್ನು ದೀಪದ ಎದುರು ಅಡ್ಡ ಹಿಡಿದ. ನೆಟ್ಟಗಿತ್ತು. ಮುಳ್ಳು ಇಟ್ಟ. ಮೊದಲು ಚಟಚಟ ಸದ್ದು, ಬಾಣಲೆಗೆ ಮೀನು ಬಿಟ್ಟ ಹಾಗೆ. ಆ ಸದ್ದಿನ ಮೇಲೆ ಅವಳ ದನಿ ಎದ್ದಿತು. ಕಡೆಯವರೆಗೂ ಮುಳ್ಳು ಜಾರಲಿಲ್ಲ.

"ಇದಕ್ಕೇನು ಅನ್ನಲಿ ರೇಡಿಯೋದಲ್ಲಿ? ಗಲೀಜು ಅನ್ನಲಾ?"

"ಸೋಪಿನಲ್ಲಿ ತೊಳೆದದ್ದು ಅನ್ನು," ಎಂದಳು ಓಜೆಲ್ಲ. "ಬೇಗ ಹೊತ್ಕೊಂಡು ಹೋಗು."

ಮುಂದೇನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಸ್ವೆಟರಿನ ಹುಡುಗ ಬುಧವಾರ ಬಂದ. ದೇಶದ ತುಂಬ ಮಾರಾಟವಾದ. ನಮ್ಮನ್ನು ಯಾರೂ ಹೊತ್ತು ಮೆರೆಸಲಿಲ್ಲ. ಟನ್‌ಸ್ಟಲ್ ಹೇಳಿದ ಹಾಗೆಯೇ ಮಾಡಿದ. ಆ ವಾರವೇ ಹೋಟೆಲಿನ ಬಂಡಿ ಬರುವುದು ನಿಂತಿತು. ಓಕ್ ಸಾಲಿನ ಮನೆಗಳೂ ನಿಂತವು. ಆದರೆ ಬಿಲಾಕ್ಸಿಯವರು, ಪೆನ್ಸಕೋಲದವರು ಹಳದಿ ಚೀಟಿಯ ರೆಕಾರ್ಡೇ ಬೇಕೆಂದರು, ಚಟಚಟ ಅನ್ನುವುದೇ ಬೇಕೆಂದರು. ನಾವು ಒತ್ತುವುದನ್ನು ನಿಲ್ಲಿಸಲಿಲ್ಲ. ಅದೊಂದು ಮಾತು ಓಜೆಲ್ಲ ನಮ್ಮೆಲ್ಲರ ಬಾಯಲ್ಲೂ ಹೇಳಿಸಿದ್ದಳು. ಕೇಳುವವರು ಇರುವವರೆಗೆ ಒತ್ತುವುದು. ಒಗೆಯಲು ಬಟ್ಟೆ ಬರದೆ ಕೆಲಸ ನಿಂತ ಹೆಂಗಸರ ಕೈಗೆ ಯಂತ್ರದ ಹಿಡಿ ಬಂತು. ಆಮೇಲೆ ಬೇರೆಯವರ ಹಾಡುಗಳೂ ಬಂದವು. ಯಾರ ಹಾಡೋ ಅವರ ಹೆಸರೇ ಚೀಟಿಯ ಮೇಲೆ. ಇನ್ನೊಂದು ಯಂತ್ರ ಬಂತು, ಅದೂ ಮೀನಿನ ಲಾರಿಯಲ್ಲೇ.

ಆ ಮಂಗಳವಾರದ ಮಾತು ಉಳಿದಿದೆ. ಮಧ್ಯಾಹ್ನದ ಹೊತ್ತಿಗೆ ಅವೆನ್ಯೂನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಳಗಳು, ಮುಖವಾಡಗಳು, ರಥದ ಹಾಗೆ ಸಿಂಗರಿಸಿದ ಲಾರಿಗಳ ಮೇಲಿಂದ ಮಿಠಾಯಿ ಎಸೆಯುವವರು. ಕ್ಷೌರದಂಗಡಿಯ ಪೆಟ್ಟಿಗೆಯಲ್ಲಿ ಅವಳ ಹಾಡು ಮುಗಿಯುತ್ತಿದ್ದಂತೆ ಎದುರಿನ ಊಟದಂಗಡಿಯ ಪೆಟ್ಟಿಗೆಯಲ್ಲಿ ಶುರುವಾಗುತ್ತಿತ್ತು. ಜನ ಪಲ್ಲವಿಯನ್ನು ತಾವೇ ಹೇಳುತ್ತಿದ್ದರು. ಬೀದಿಗೆ ಹಗ್ಗ ಇರಲಿಲ್ಲ.

ರೂಫಸ್ ಲಾಂಡ್ರಿಯೊಳಗೆ ಓಡಿ ಬಂದ. ಹಬ್ಬಕ್ಕೆ ಆರಿಸಿದ ರಾಣಿಯ ಲಾರಿಯ ಮೇಲೆ ಓಜೆಲ್ಲಳಿಗೆ ಜಾಗ ಇಟ್ಟಿದ್ದಾರೆ, ಜನ ಅವಳ ಹೆಸರು ಕೂಗುತ್ತಿದ್ದಾರೆ, ಗೌನು ಇಲ್ಲದಿದ್ದರೂ ಪರವಾಗಿಲ್ಲ ಬಾ ಎಂದ. ಅವಳ ಮೈ ಬೆವರಿನಲ್ಲಿ ತೊಯ್ದಿತ್ತು, ತಲೆಗೆ ಹಳೆಯ ವಸ್ತ್ರ ಸುತ್ತಿಕೊಂಡಿದ್ದಳು. ಅಚ್ಚಿನ ಮೇಲೆ ಉಂಡೆ ಕೂತಾಗಿತ್ತು.

"ಹೋಗೇ, ಒಂದು ಸಲ ನಿಂತು ಕೈ ಬೀಸಿ ಬಾ," ಎಂದರು ಮಿಸ್ ವರ್ಡೆಲ್. "ಹಿಡಿ ನಾನು ನೋಡ್ಕೋತೀನಿ."

ಹೊರಗೆ ಅವಳ ದನಿಯೇ ಮುಂಬಾಗಿಲಿಗೆ ದೀಪ ಹಚ್ಚಿಡು ಎನ್ನುತ್ತಿತ್ತು. ಅವಳು ಒಂದು ಕ್ಷಣ ಕಿವಿಗೊಟ್ಟಳು. ಯಾರೋ ಬೇರೆಯವಳ ಹಾಡು ಕೇಳುವ ಹಾಗೆ, ಎಲ್ಲಿ ಒತ್ತು ಸಾಲದು ಎಂದು ನೋಡುವ ಹಾಗೆ.

"ಹಾಡೋಳು ಅಲ್ಲಿ ಹಾಡ್ತಿದ್ದಾಳಲ್ಲ ರೂಫಸ್," ಎಂದಳು. "ಪೆನ್ಸಕೋಲದವರು ಸಂಜೆ ಬಸ್ಸಿಗೆ ಹೊರಡ್ತಾರೆ. ಖಾಲಿ ಕೈಲಿ ಕಳಿಸಲಾ?"

ಹಿಡಿ ಎಳೆದಳು. ಹಬೆ ಬುಸ್ಸೆಂದಿತು.